ಇರಲಿಕ್ಕಿಲ್ಲ ಸಾಹೇಬರು

ಒಂದೇ ಒಂದು ಮಾತಿನಿಂದ ಒಬ್ಬ ಮನುಷ್ಯ ಎಷ್ಟು ಜನರ ಬೆಳಗನ್ನು ಹಾಳುಮಾಡಬಲ್ಲ ಎಂಬುದನ್ನು ತಿಳಿಯಬೇಕಾದರೆ ನಮ್ಮ ಕೊಳದ ದಂಡೆಗೆ ಬರಬೇಕು. ನೀವು ಉಸಿರು ಬಿಗಿಹಿಡಿದು, ಮಂಜಿನಲ್ಲಿ ಕಣ್ಣು ಕೀಲಿಸಿ, ನೀರಿನಾಚೆಯ ಮರದ ಮೇಲೆ ಏನೋ ಒಂದು ಅಪೂರ್ವವಾದದ್ದನ್ನು ಕಂಡು, ಎದೆ ಡವಗುಟ್ಟುತ್ತ ಅವರತ್ತ ತಿರುಗಿ ಆ ಹಕ್ಕಿಯ ಹೆಸರು ಹೇಳಿದಿರೆನ್ನಿ; ಅವರು ಮೊದಲು ನೋಡುವುದು ನಿಮ್ಮ ಮುಖವನ್ನು, ಹಕ್ಕಿಯನ್ನಲ್ಲ. ಆಮೇಲೆ ಕೆಳದುಟಿಯನ್ನು ತುಸು ಮುಂದಕ್ಕೆ ಚಾಚಿ, ತಲೆಯನ್ನು ಎಡಕ್ಕೆ ವಾಲಿಸಿ, "ಇರ..." ಎಂದು ಒಂದು ಗಳಿಗೆ ನಿಲ್ಲಿಸುತ್ತಾರೆ. ಆ ಗಳಿಗೆಯಲ್ಲಿ ನಿಮಗೊಂದು ಆಸೆ ಹುಟ್ಟುತ್ತದೆ, "ಇರಬಹುದು" ಎಂದಾರೇನೋ ಎಂದು. ಊಹೂಂ. ಎಷ್ಟೋ ವರ್ಷಗಳಿಂದ ಆ ಆಸೆಯ ಮೇಲೆ ತಣ್ಣೀರು ಸುರಿಯುತ್ತಲೇ ಬಂದಿದ್ದಾರೆ ಮಹಾನುಭಾವರು. "...ಲಿಕ್ಕಿಲ್ಲ" ಎಂದು ಮುಗಿಸಿ, ತೀರಿಹೋದವರ ಮನೆಯಿಂದ ಎದ್ದು ಹೊರಡುವವರ ಹಾಗೆ ಮೆಲ್ಲಗೆ ಮುಂದಕ್ಕೆ ನಡೆದುಬಿಡುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇದ್ದೇ ಇದೆ. ಆದರೆ ಕೊಳದ ಸುತ್ತ ಯಾರನ್ನು ಕೇಳಿದರೂ ಅವರು ಇರಲಿಕ್ಕಿಲ್ಲ ಸಾಹೇಬರು.

ಕೊಳವೆಂದರೆ ದೊಡ್ಡದೇನಲ್ಲ. ಒಂದು ಕಡೆ ಬಸ್ ಡಿಪೋದ ಗೋಡೆ, ಇನ್ನೊಂದು ಕಡೆ ಮಹಡಿ ಮನೆಗಳ ಬೆನ್ನು, ಸುತ್ತಲೂ ಕಬ್ಬಿಣದ ಕಟಕಟೆ, ಕಟಕಟೆಯ ಒಳಗೆ ಸಕ್ಕರೆ ಕಾಯಿಲೆಯವರು ಕೈ ಬೀಸಿಕೊಂಡು ನಡೆಯುವ ಸಿಮೆಂಟಿನ ದಾರಿ. ಪೂರ್ವದ ಮೂಲೆಯಲ್ಲಿ, ಮಹಡಿ ಮನೆಗಳಿಗೆ ಒತ್ತಿಕೊಂಡಂತೆ, ಆಳೆತ್ತರದ ಜೊಂಡು ಬೆಳೆದು ನಿಂತಿದೆ. ಇಷ್ಟೇ ಇಷ್ಟು ನೀರಿಗೆ ನೀರುಕಾಗೆ ಬರುತ್ತದೆ, ಮಿಂಚುಳ್ಳಿ ಬರುತ್ತದೆ, ಬೂದು ಬಕವೊಂದು ಮುನಿಸಿಕೊಂಡ ಮಾವನ ಹಾಗೆ ಯಾರೊಂದಿಗೂ ಸೇರದೆ ನಿಂತಿರುತ್ತದೆ. ಬೆಳಿಗ್ಗೆ ಬೆಳಿಗ್ಗೆ ಇವನ್ನು ನೋಡಲೆಂದು ಸೇರುವ ನಮ್ಮದೊಂದು ಸಣ್ಣ ಬಳಗ: ಔಷಧಿ ಅಂಗಡಿಯವರು, ಹಲ್ಲಿನ ಡಾಕ್ಟರಮ್ಮ, ನಾನು, ಮತ್ತು ನಮ್ಮೆಲ್ಲರ ತಲೆಯ ಮೇಲೆ ಸಾಹೇಬರು. ಗೇಟಿನ ಪಕ್ಕದಲ್ಲಿ ಒಂದು ಕರಿಹಲಗೆಯಿದೆ. ಕಂಡ ಹಕ್ಕಿಗಳ ಹೆಸರನ್ನು ಅದರ ಮೇಲೆ ಬರೆಯುವುದು ನಮ್ಮ ವಾಡಿಕೆ. ಆದರೆ ಸುಮ್ಮನೆ ಬರೆಯುವ ಹಾಗಿಲ್ಲ. ಇಬ್ಬರು ಒಟ್ಟಿಗೆ, ಒಂದೇ ಹೊತ್ತಿನಲ್ಲಿ ನೋಡಿರಬೇಕು. ಒಬ್ಬರೇ ನೋಡಿದ ಹಕ್ಕಿ ಹಕ್ಕಿಯಲ್ಲ, ಬರೀ ಮಾತು. ಈ ಕಾಯಿದೆ ಮಾಡಿದವರು ಯಾರೆಂದು ಬೇರೆ ಹೇಳಬೇಕೆ?

ಅವರ ಕೋಟಿನ ವಿಷಯ ಹೇಳದಿದ್ದರೆ ಅವರನ್ನು ಅರ್ಧವೇ ತೋರಿಸಿದಂತಾಗುತ್ತದೆ. ಮಣ್ಣಿನ ಬಣ್ಣದ, ಮೊಣಕಾಲು ಮುಟ್ಟುವ, ಮೊಣಕೈಯಲ್ಲಿ ಚರ್ಮದ ತೇಪೆ ಹಾಕಿದ ಆ ಕೋಟನ್ನು ಸೆಕೆಗಾಲದಲ್ಲೂ ಅವರು ಬಿಟ್ಟವರಲ್ಲ. ಅದರ ಒಂದು ಜೇಬಿನಲ್ಲಿ ಅಳತೆಪಟ್ಟಿ, ಒಂದರಲ್ಲಿ ಭೂತಗನ್ನಡಿ, ಒಂದರಲ್ಲಿ ಟಾರ್ಚು. ಎದೆಯ ಮೇಲೆ, ಕೋಟಿನ ಒಳಗೆ, ದುರ್ಬೀನು. ಈ ದುರ್ಬೀನನ್ನು ಅವರು ಹೊರಗೆ ತೆಗೆಯುವುದು ಬರಿಗಣ್ಣಿನಿಂದ ನೋಡಿ ಸಾಕಾದ ಮೇಲೆಯೇ. ನಡಿಗೆಯೂ ಹಾಗೆಯೇ. ಯಾವ ವಸ್ತುವಿನ ಬಳಿಗೂ ಅವರು ನೇರವಾಗಿ ಹೋಗುವುದಿಲ್ಲ. ಬೆಂಚಿನ ಮೇಲೆ ಕೂರಬೇಕಾದರೂ ಅದನ್ನು ಒಂದು ಸುತ್ತು ಹಾಕಿ, ಹಿಂದುಮುಂದು ನೋಡಿ, ಕಾಲು ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ, ಆಮೇಲೆ ಕೂರುತ್ತಾರೆ. ಹಲ್ಲಿನ ಡಾಕ್ಟರಮ್ಮ ಒಮ್ಮೆ ತಮಾಷೆಗೆ, "ಸಾರ್, ಹೆಣ್ಣು ನೋಡೋಕೆ ಹೋದಾಗಲೂ ಹೀಗೇ ಸುತ್ತು ಹಾಕಿದ್ರಾ?" ಎಂದು ಕೇಳಿದ್ದರು. ಸಾಹೇಬರು ನಗಲಿಲ್ಲ. "ಅವಳೇ ನನ್ನನ್ನ ಸುತ್ತು ಹಾಕಿ ನೋಡಿದ್ದು" ಎಂದರು.

ಈ ಸ್ವಭಾವ ಅವರಿಗೆ ಕಸುಬಿನಿಂದ ಬಂದದ್ದು. ನಿವೃತ್ತರಾಗುವವರೆಗೆ ಅವರು ವಿಮಾ ಕಂಪನಿಯೊಂದರ ಸರ್ವೇಯರಾಗಿದ್ದರು. ಎಲ್ಲಿ ಲಾರಿ ಮಗುಚಿತೋ, ಎಲ್ಲಿ ಗೋದಾಮು ಸುಟ್ಟಿತೋ ಅಲ್ಲಿಗೆ ಈ ಕೋಟು ಹಾಜರು. ಬೂದಿಯ ಮುಂದೆ ಕೂತು ಬಾಯಿ ಬಡಿದುಕೊಳ್ಳುತ್ತಿದ್ದವರ ಅಳುವನ್ನು ಕೇಳಿಸಿಕೊಂಡು, ಅವರಿಗೆ ನೀರು ಕುಡಿಸಿ, ಆಮೇಲೆ ಬೂದಿಯನ್ನು ಕೆದಕಿ ನೋಡುವುದು ಅವರ ಕೆಲಸ. ಕದ್ದು ಮಾಲು ಸಾಗಿಸಿ ಖಾಲಿ ಗೋದಾಮಿಗೆ ಬೆಂಕಿ ಇಟ್ಟವರ ಕಣ್ಣೀರೂ ನಿಜವಾದ ಕಣ್ಣೀರಿನಷ್ಟೇ ಉಪ್ಪಾಗಿರುತ್ತದೆ ಎಂದು ಅವರು ನನಗೆ ಹೇಳಿದ್ದುಂಟು. ಆದರೆ ನಾವು ಸಿಟ್ಟಿನಲ್ಲಿ ಮರೆಯುವ ಇನ್ನೊಂದು ಸಂಗತಿಯಿದೆ. ಒಮ್ಮೆ ಕಂದಕಕ್ಕೆ ಉರುಳಿದ ಲಾರಿಯೊಂದರ ವಿಷಯದಲ್ಲಿ, ಚಾಲಕ ಕುಡಿದಿದ್ದನೆಂದು ಕಂಪನಿಯೇ ತೀರ್ಮಾನಿಸಿ, ಅವನ ಹೆಂಡತಿ ಮಕ್ಕಳನ್ನು ಕೈಬಿಡಲು ಹೊರಟಾಗ, ತಮ್ಮ ಮೇಲಿನ ಅಧಿಕಾರಿಯ ಮುಖಕ್ಕೂ ಅವರು ಅದೇ "ಇರಲಿಕ್ಕಿಲ್ಲ"ವನ್ನು ಹೇಳಿ, ಕಂದಕಕ್ಕೆ ತಾವೇ ಇಳಿದು, ತುಂಡಾದ ಬ್ರೇಕಿನ ಪೈಪನ್ನು ಜೇಬಿನಲ್ಲಿ ಹಾಕಿಕೊಂಡು ಹತ್ತಿಬಂದರಂತೆ. ಅಂದರೆ ಅವರ ಸಂಶಯಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ.

ಹಾಗೆಂದು ಕೊಳದ ದಂಡೆಯಲ್ಲಿ ಅದನ್ನು ಸಹಿಸುವುದು ಸುಲಭವೇ? ನಾನು ಒಂದು ಬೆಳಿಗ್ಗೆ ಮೀನು ಹಿಡಿಯುವ ಗಿಡುಗವನ್ನು ನೋಡಿದೆ. ನೋಡಿದೆನೆಂದರೆ ನೋಡಿದೆ, ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ಸಾಹೇಬರು ನನ್ನನ್ನು ಕಟಕಟೆಗೆ ಒರಗಿಸಿ ನಿಲ್ಲಿಸಿಕೊಂಡು, "ಎಷ್ಟು ದೂರ ಇತ್ತು? ಬಿಸಿಲು ಬೆನ್ನಿಗಿತ್ತಾ, ಮುಖಕ್ಕಿತ್ತಾ? ಕೂತಿತ್ತಾ, ಹಾರ್ತಿತ್ತಾ? ನೀವು ತಿಂಡಿ ತಿಂದಿದ್ರಾ?" ಎಂದು ಕೇಳುತ್ತ ಹೋದರು. ತಿಂಡಿಗೂ ಗಿಡುಗಕ್ಕೂ ಏನು ಸಂಬಂಧ ಸ್ವಾಮಿ! ಪಿತ್ತ ನೆತ್ತಿಗೇರಿ, ಆ ವಾರವೆಲ್ಲ ನಾನು ಅವರೊಡನೆ ಮಾತು ಬಿಟ್ಟೆ. ಆದರೆ ಮರುವಾರವೇ ಔಷಧಿ ಅಂಗಡಿಯವರು ಬಾತುಗಳ ನಡುವೆ ತೇಲುತ್ತಿದ್ದ ಕಂದು ಬಣ್ಣದ ಅಪರೂಪದ ಬಾತೊಂದನ್ನು ಕಂಡುಹಿಡಿದರು. ನಾನೂ ಡಾಕ್ಟರಮ್ಮನೂ ಹೌದು ಹೌದೆಂದು ಕುಣಿದೆವು. ಸೀಮೆಸುಣ್ಣ ಹಿಡಿದು ಹಲಗೆಯ ಬಳಿ ಓಡಿಯೂ ಬಿಟ್ಟೆವು. ಸಾಹೇಬರು ಮಾತ್ರ ಕೆಳದುಟಿ ಚಾಚಿಕೊಂಡು ಕೂತೇ ಇದ್ದರು. ಬಿಸಿಲೇರಿದ ಮೇಲೆ ಗಾಳಿ ಬೀಸಿ ಆ ಬಾತು ದಂಡೆಗೆ ಬಂತು. ಬಲಗಾಲಿನ ಬೂಟು! ನಮ್ಮ ಮೂವರ ಮುಖ ಇಂಗು ತಿಂದ ಮಂಗನಂತಾಯಿತು.

ಇಂಥ ಮನುಷ್ಯನೊಡನೆ ಸಂಸಾರ ಮಾಡಿದವರು ಹೇಗಿದ್ದಾರು ಎಂದು ನಾವು ಆಗಾಗ ಮಾತಾಡಿಕೊಳ್ಳುತ್ತಿದ್ದೆವು. ಅವರ ಮನೆ ದೂರವೇನಲ್ಲ. ಜೊಂಡಿನ ಬೆನ್ನಿಗಿರುವ ಮಹಡಿ ಮನೆಗಳಲ್ಲಿ ಮೂರನೆಯ ಅಂತಸ್ತಿನದು. ಅವರ ಮನೆಯವರು ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಮಾನವಿಡೀ ಲೆಕ್ಕ ಕಲಿಸಿದವರು. ನಮ್ಮ ಹಲಗೆಗೆ ಸೀಮೆಸುಣ್ಣ ಬರುತ್ತಿದ್ದದ್ದೂ ಅವರ ಹಳೆಯ ಡಬ್ಬಿಯಿಂದಲೇ. ಆದ್ದರಿಂದ ನಾವು ಅವರನ್ನು ಲೆಕ್ಕದ ಟೀಚರ್ ಎಂದೇ ಕರೆಯುತ್ತಿದ್ದೆವು. ಒಂದು ದಿನ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿದ್ದಷ್ಟು ದಿನ, ಜ್ವರಕ್ಕೋ ಔಷಧಿಯ ಅಮಲಿಗೋ, ಅವರ ಬುದ್ಧಿ ಸ್ವಲ್ಪ ಹಳಿ ತಪ್ಪಿತ್ತು. ಎಂದೋ ತೀರಿಕೊಂಡ ಅಕ್ಕ ಮಂಚದ ಕಾಲ ಬಳಿ ಕೂತಿದ್ದಾಳೆಂದು ಹೇಳಿ, ಅವಳಿಗೆ ಜಾಗ ಬಿಡಲೆಂದು ಕಾಲು ಮಡಚಿಕೊಳ್ಳುತ್ತಿದ್ದರಂತೆ. ಮನೆಗೆ ಬಂದ ಮೇಲೆ ಅದೆಲ್ಲ ನಿಂತಿತು. ಆದರೆ ಕಾಲು ಮಾತ್ರ ಕೈಕೊಟ್ಟಿತು. ಕಿಟಕಿಯ ಪಕ್ಕದ ಕೈಕುರ್ಚಿಯೇ ಅವರ ಲೋಕವಾಯಿತು.

ಮುಂದಿನದನ್ನು ನಾನು ಸ್ವಲ್ಪ ಸಾಹೇಬರ ಬಾಯಿಂದ, ಬಹಳಷ್ಟು ಲೆಕ್ಕದ ಟೀಚರ್ ಬಾಯಿಂದ ಕೇಳಿ ಹೇಳುತ್ತಿದ್ದೇನೆ.

ಒಂದು ಸಂಜೆ ಸಾಹೇಬರು ಹೆಂಡತಿಗೆ ಕಾಫಿ ಲೋಟ ಕೊಡುತ್ತಿದ್ದಾಗ ಆಕೆ ಕಿಟಕಿಯ ಕಡೆ ಕೈ ತೋರಿಸಿ, "ರೀ, ಇವತ್ತು ಜೊಂಡಿನ ಒಂದು ಕಡ್ಡಿ ಎದ್ದು ನಡೀತು" ಎಂದರು.

ಸಾಹೇಬರು ಲೋಟವನ್ನು ಅವರ ಕೈಗೆ ಸರಿಯಾಗಿ ಹಿಡಿಸಿ, ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಹೇಳಿದರು: "ಇರಲಿಕ್ಕಿಲ್ಲ."

ಹಕ್ಕಿ ನೋಡುವವರಿಗೆ ಈ ಮಾತು ಕೇಳಿದೊಡನೆ ನೆನಪಾಗುವುದು ಗುಪ್ಪಿ. ಬಕದ ಜಾತಿಗೆ ಸೇರಿದ, ಬಲು ನಾಚಿಕೆಯ ಹಕ್ಕಿ ಅದು. ಮೈಮೇಲೆ ಒಣಗಿದ ಜೊಂಡಿನಂಥದೇ ಗೆರೆಗಳು. ಯಾರಾದರೂ ಬಂದ ಸುಳಿವು ಸಿಕ್ಕರೆ ಕೊಕ್ಕನ್ನು ಆಕಾಶಕ್ಕೆತ್ತಿ, ಕತ್ತು ನೀಳ ಮಾಡಿ, ತಾನೂ ಒಂದು ಜೊಂಡಿನ ಕಡ್ಡಿಯಾಗಿ ನಿಂತುಬಿಡುತ್ತದೆ. ಸಾಹೇಬರಿಗೂ ಅದೇ ನೆನಪಾಯಿತು. ನೆನಪಾದದ್ದೇ ತಡ, ಸಂಶಯವೂ ಬಂತು. ಬಸ್ಸುಗಳು ಇಡೀ ದಿನ ಹೊಗೆಯುಗುಳುವ, ನಾಯಿಗಳು ಈಜಾಡುವ ಈ ಅಂಗೈಯಗಲದ ನೀರಿಗೆ ಗುಪ್ಪಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಮೇಲಾಗಿ, ಗುಪ್ಪಿಯ ವಿಷಯವನ್ನು ಎಂದೋ ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿದವರು ಅವರೇ. ಆ ಮಾತೇ ಅರೆನಿದ್ದೆಯಲ್ಲಿ ಹಕ್ಕಿಯಾಗಿ ಎದ್ದು ನಡೆದಿರಬಾರದೇಕೆ? ಅಕ್ಕ ಬಂದು ಮಂಚದ ತುದಿಯಲ್ಲಿ ಕೂತಿರಲಿಲ್ಲವೆ?

ಕಡ್ಡಿ ಮಾರನೆಯ ದಿನವೂ ನಡೆಯಿತು, ಅದರ ಮರುದಿನವೂ ನಡೆಯಿತು. ಸಂಜೆಯ ಹೊತ್ತು ತಾಯಿಯನ್ನು ನೋಡಿಕೊಳ್ಳಲು ಬರುತ್ತಿದ್ದ ಮಗಳ ಕಿವಿಗೂ ಬಿತ್ತು. ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆಸ್ಪತ್ರೆಯಲ್ಲಿ ತಾಯಿಯ ಬಡಬಡಿಕೆ ಕೇಳಿ ಹಗಲಿರುಳು ಕಂಗಾಲಾದವಳು. ಅವಳು ಹೆದರಿದ್ದರಲ್ಲಿ ತಪ್ಪೇನೂ ಇಲ್ಲ. ಡಾಕ್ಟರಿಗೆ ಫೋನು ಮಾಡಿದಳು. ಹೀಗೆ ಇಲ್ಲದ್ದು ಕಾಣಿಸುವುದಕ್ಕೆ ಮಾತ್ರೆಯಿದೆ, ಆದರೆ ಅದನ್ನು ಕೊಟ್ಟರೆ ಹಗಲೆಲ್ಲ ಮಂಪರು ಇರುತ್ತದೆ, ಭಾನುವಾರ ಬಂದು ನೋಡಿ ಶುರುಮಾಡೋಣ ಎಂದರು ಡಾಕ್ಟರು. ಅಡಿಗೆಮನೆಯಲ್ಲಿ ಮಗಳು ದನಿ ತಗ್ಗಿಸಿ ತಂದೆಗೆ ಹೇಳಿದಳು: "ಅಪ್ಪ, ಅಲ್ಲೀವರೆಗೂ ಅಮ್ಮ ಏನಂದ್ರೂ ಹೌದು ಅಂದುಬಿಡು. ಇಲ್ಲ ಇಲ್ಲ ಅಂತ ಯಾಕೆ ನೋಯಿಸ್ತೀಯ? ಹೌದು ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

ಸಾಹೇಬರಿಗೆ ಅದು ಸರಿಯೆನಿಸಿತು. ಹೆಂಡತಿ ಮಂಪರಿನಲ್ಲಿ ತಲೆ ಜೋತುಬಿಟ್ಟು ಕೂತಿರುವ ಚಿತ್ರ ಕಣ್ಣ ಮುಂದೆ ಬಂದಿತ್ತು. ಒಂದು ಹೌದಿನಿಂದ ಆಕೆಗೆ ಕೆಲವು ದಿನದ ನೆಮ್ಮದಿ ಸಿಗುವುದಾದರೆ ಸಿಗಲಿ ಎಂದುಕೊಂಡು, ಕೋಣೆಗೆ ಬಂದು, ಗಂಟಲು ಸರಿಮಾಡಿಕೊಂಡು, ಮದುವೆಯಾದಂದಿನಿಂದ ಹೇಳದಿದ್ದ ಮಾತನ್ನು ಹೇಳಲು ಬಾಯಿ ತೆರೆದರು. ಲೆಕ್ಕದ ಟೀಚರ್ ಆ ಮುಖವನ್ನು ನೋಡಿದವರೇ ಕೈಯೆತ್ತಿ ತಡೆದರು.

"ಬೇಡ, ನೀವೂ ಶುರು ಮಾಡಬೇಡಿ," ಎಂದರು. "ಬಿದ್ದಾಗಿನಿಂದ ಎಲ್ಲರೂ ನನಗೆ ಹೌದು ಅಂತಲೇ ಹೇಳ್ತಿದಾರೆ. ಹೌದಮ್ಮ, ಆಯ್ತಮ್ಮ, ಜಾಣೆ ಅಮ್ಮ. ತಪ್ಪು ಲೆಕ್ಕ ಮಾಡಿದ ಮಕ್ಕಳಿಗೂ ನಾನು ಹಾಗಂದವಳಲ್ಲ. ಈ ಮನೇಲಿ ನನ್ನ ಮಾತು ಕೇಳಿ ಇಲ್ಲ ಅನ್ನೋರು ನೀವೊಬ್ರೇ. ನೀವೂ ತಲೆ ಆಡಿಸಿಬಿಟ್ರೆ, ನನಗೆ ಬುದ್ಧಿ ಕೆಟ್ಟಿದೆ ಅಂತಲೇ ಲೆಕ್ಕ. ನಂಬಬೇಡಿ. ಹೋಗಿ ನೋಡ್ಕೊಂಡು ಬನ್ನಿ."

ಮರುದಿನ ಮುಂಜಾನೆ ಸಾಹೇಬರು ನಮ್ಮ ಬಳಗದ ಮುಂದೆ ನಿಂತ ರೀತಿಯನ್ನು ನಾನು ಮರೆಯಲಾರೆ. ಎಂದೂ ನಮ್ಮಿಂದ ಏನನ್ನೂ ಕೇಳದ ಮನುಷ್ಯ, ಕೋಟಿನ ಗುಂಡಿಯನ್ನು ತಿರುಗಿಸುತ್ತ, "ಒಂದು ಗುಪ್ಪಿ ಹುಡುಕಬೇಕು" ಎಂದರು. ಏಕೆಂದು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. ನಮ್ಮ ಹಳೆಯ ಸೇಡುಗಳೆಲ್ಲ ಅಲ್ಲಿಯೇ ಕರಗಿದವು. ಔಷಧಿ ಅಂಗಡಿಯವರು ಪ್ಯಾಂಟು ಮಡಚಿ ಕೆಸರಿಗಿಳಿದರು. ಡಾಕ್ಟರಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟಕಟೆಯ ಉದ್ದಕ್ಕೂ ಕಾದರು. ಸಾಹೇಬರು ಮಂಡಿಯೂರಿ, ಕೆಸರಿನಲ್ಲಿ ಮೂಡಿದ್ದ ಕಾಲ್ಗುರುತುಗಳನ್ನು ಅಳತೆಪಟ್ಟಿಯಿಂದ ಅಳೆದು, ನಮ್ಮ ಬೂದು ಬಕದ್ದೆಂದು ತೀರ್ಮಾನಿಸಿ ಎದ್ದರು. ವಾರವೆಲ್ಲ ಹುಡುಕಿದೆವು. ಜೊಂಡಿನ ಹೊರಗೋಡೆಯೇ ಕಂಡಿತೇ ಹೊರತು ಗುಪ್ಪಿಯ ಒಂದು ಗರಿಯೂ ಕಾಣಲಿಲ್ಲ. ಶುಕ್ರವಾರ ನಾನು ತಡೆಯಲಾರದೆ, "ಸಾರ್, ನಾವಿಬ್ಬರೂ ನೋಡಿದೆವು ಅಂತ ಹಲಗೆ ಮೇಲೆ ಬರೆದುಬಿಡೋಣ. ಯಾರು ಕೇಳ್ತಾರೆ?" ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. "ಅವಳು ಕೇಳ್ತಾಳೆ" ಎಂದರು.

ಮನೆಗೆ ಹೋಗಿ, ಕೆಸರಾದ ಬೂಟನ್ನು ಬಾಗಿಲಲ್ಲಿ ಬಿಟ್ಟು, ಹೆಂಡತಿಯ ಮುಂದೆ ನಿಂತು, "ನೋಡಿದೆ ಕಣೇ. ಇಲ್ಲ" ಎಂದರು.

ಲೆಕ್ಕದ ಟೀಚರ್ ಅಳಲಿಲ್ಲ. ಕನ್ನಡಕ ಏರಿಸಿಕೊಂಡು ಕೇಳಿದರು: "ಎಲ್ಲಿಂದ ನೋಡಿದ್ರಿ?"

"ದಂಡೆಯಿಂದ."

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ. ಇನ್ನೆಷ್ಟು ಹೊತ್ತಿಗೆ ನೋಡ್ತಾರೆ?"

"ನಾನು ಬೆಳಿಗ್ಗೆ ಅಂದಿದ್ನಾ? ದಂಡೆ ಅಂದಿದ್ನಾ?" ಎಂದು, ತರಗತಿಯಲ್ಲಿ ಕೊನೆಯ ಬೆಂಚಿನವರನ್ನು ಎಬ್ಬಿಸಿ ನಿಲ್ಲಿಸುವ ದನಿಯಲ್ಲಿ ಆಕೆ ಕೇಳಿದರು. "ಎದುರು ತಾರಸಿ ಮೇಲೆ ಬಟ್ಟೆ ಒಣಹಾಕ್ತಾರಲ್ಲ, ಆ ದುಪ್ಪಟಿ ಎಲ್ಲ ತೆಗೆದ ಮೇಲೆ, ನೀರಿನ ಟ್ಯಾಂಕಿಗೂ ಗೋಡೆಗೂ ಮಧ್ಯೆ ಒಂದು ಸಂದು ಇದೆ. ಅದರಲ್ಲಿ ಜೊಂಡಿನ ಒಳಗಡೆ ಕಾಣುತ್ತೆ. ಒಳಗೆ ಒಂದು ಸಣ್ಣ ನೀರು ಇದೆ. ನೀವು ಎಂದಾದ್ರೂ ಈ ಕುರ್ಚಿ ಮೇಲೆ ಕೂತಿದೀರಾ?"

ಕೂತಿರಲಿಲ್ಲ. ಲೋಕದಲ್ಲಿ ಸಿಕ್ಕಿದ್ದನ್ನೆಲ್ಲ ಸುತ್ತು ಹಾಕಿ ನೋಡುವ ಮನುಷ್ಯ ಸ್ವಂತ ಮನೆಯ ಈ ಮೂಲೆಯನ್ನು ನೋಡಿರಲಿಲ್ಲ. ಹಕ್ಕಿ ನೋಡುವವರೆಲ್ಲರ ಕಥೆಯೂ ಇಷ್ಟೇ: ಹಕ್ಕಿಯೆಂದರೆ ಮುಂಜಾನೆ, ಹಕ್ಕಿಯೆಂದರೆ ದಂಡೆ ಎಂದು ನಾವು ತೀರ್ಮಾನ ಮಾಡಿಕೊಂಡಿದ್ದೇವೆ, ಹಕ್ಕಿಗಳಿಗೆ ಅದನ್ನು ಯಾರೂ ತಿಳಿಸಿಲ್ಲ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಸಾಹೇಬರು ಹೆಂಡತಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿ ತಾವು ಆ ಕುರ್ಚಿಯಲ್ಲಿ ಕೂತರು. ಬೇರೆ ಉಪಾಯವಿರಲಿಲ್ಲ. ಕಿಟಕಿ ಕಿರಿದು, ಕುರ್ಚಿಯ ಒಂದು ಪಕ್ಕಕ್ಕೆ ಗೋಡೆ, ಇನ್ನೊಂದು ಪಕ್ಕಕ್ಕೆ ಮಂಚ. ಆ ಒಂದು ಕುರ್ಚಿಯಲ್ಲಿ, ಆ ಎತ್ತರದಲ್ಲಿ ಕೂತರೆ ಮಾತ್ರ ಸಂದು ಕಣ್ಣಿಗೆ ಸಿಗುತ್ತದೆ. ಮಂಚದಿಂದ ಕಾಣುವುದು ಬರೀ ಆಕಾಶ. ಮಾರನೆಯ ದಿನ ಡಾಕ್ಟರು ಬರುವವರಿದ್ದರು. ಟೀಚರಿಗೆ ಕಣ್ಣು ಹತ್ತಿತು. ಎದುರು ತಾರಸಿಯಲ್ಲಿ ದುಪ್ಪಟಿಗಳು ಅಲ್ಲಾಡುತ್ತಲೇ ಇದ್ದವು. ಕೊನೆಗೂ ಒಬ್ಬ ಹೆಂಗಸು ಬಂದು, ಅವನ್ನೆಲ್ಲ ಒಂದೊಂದಾಗಿ ಎಳೆದು ಹೆಗಲ ಮೇಲೆ ಹಾಕಿಕೊಂಡು ಹೋದಳು. ಸಂದು ತೆರೆಯಿತು. ನಿಜ, ಹೊರಗಿನಿಂದ ಗೋಡೆಯಂತೆ ಕಾಣುತ್ತಿದ್ದ ಜೊಂಡಿನ ಒಳಗೆ, ತಟ್ಟೆಯಷ್ಟಗಲ ನೀರು ಬಿಸಿಲಿಗೆ ಹೊಳೆಯುತ್ತಿತ್ತು.

ಗಾಳಿ ಬೀಸಿತು. ಜೊಂಡೆಲ್ಲ ಎಡಕ್ಕೆ ಬಾಗಿತು. ಒಂದೇ ಒಂದು ಕಡ್ಡಿ, ಕಣ್ಣು ಕೀಲಿಸಿ ನೋಡುತ್ತಿದ್ದ ಸಾಹೇಬರ ಮುಂದೆಯೇ, ತಡವಾಗಿ ನೆನಪಾಯಿತೆಂಬಂತೆ, ಉಳಿದವುಗಳ ನಂತರ ಬಾಗಿತು. ಗಾಳಿ ನಿಂತಿತು. ಕಡ್ಡಿ ಒಂದು ಕಾಲನ್ನು ಎತ್ತಿತು. ಮನೆಯವರಿಗೆಲ್ಲಿ ಎಚ್ಚರವಾದೀತೋ ಎಂದು ಹೆದರಿ ಹೆಜ್ಜೆಯಿಡುವವರ ಹಾಗೆ, ಬೆರಳುಗಳನ್ನು ಮುದುಡಿ, ಬಿಡಿಸಿ, ನೀರಿನೊಳಗೆ ಇಟ್ಟಿತು.

ಎದೆಯ ಮೇಲೆ ದುರ್ಬೀನು ಇದೆಯೆಂಬುದೇ ಸಾಹೇಬರಿಗೆ ಮರೆತುಹೋಯಿತು. "ಏ!" ಎಂದು ಕೂಗಿದರು. "ಇದೆ! ಇದೆ ಕಣೇ! ನಡೀತಿದೆ!"

ಟೀಚರ್ ಬೆಚ್ಚಿಬಿದ್ದು ಎಚ್ಚೆತ್ತರು. "ಏನ್ರೀ, ಏನಾಯ್ತು?"

"ನಿನ್ನ ಕಡ್ಡಿ! ಕಾಲೆತ್ತಿತು! ಅಯ್ಯೋ, ಎಂಥಾ ಕಾಲು!"

"ಎತ್ತಿ ನನ್ನ! ಬೇಗ!" ಎಂದು ಟೀಚರ್ ಎರಡೂ ತೋಳು ಚಾಚಿದರು.

ಹಕ್ಕಿ ನೋಡುವವರಿಗೆ ಮಾತ್ರ ಗೊತ್ತು ಆ ಗಳಿಗೆಯ ಕಷ್ಟ. ಇಂಥ ಹಕ್ಕಿಯಿಂದ ಒಮ್ಮೆ ಕಣ್ಣು ಕಿತ್ತರೆ ಮುಗಿಯಿತು, ತಲೆಕೆಳಗಾಗಿ ನಿಂತರೂ ಮತ್ತೆ ಸಿಗುವುದಿಲ್ಲ. ಕೊಕ್ಕಿನ ಬಣ್ಣ ನೋಡಬೇಕಿತ್ತು, ಕತ್ತಿನ ಗೆರೆ ನೋಡಬೇಕಿತ್ತು, ಸಾಹೇಬರು ನಮ್ಮಿಂದ ಕೇಳುತ್ತಿದ್ದ ನೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಿತ್ತು. ಅವರು ಕಣ್ಣು ಕಿತ್ತರು. ಹೆಂಡತಿಯ ತೋಳುಗಳ ಕೆಳಗೆ ಕೈ ಹಾಕಿ, ತಮ್ಮ ಮಂಡಿ ಕಟಕಟ ಎನ್ನುತ್ತಿದ್ದರೂ ಲೆಕ್ಕಿಸದೆ, ಎತ್ತಿ, ತಿರುಗಿಸಿ, ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಹುಡುಕಿ ಕಿವಿಗೆ ಸಿಕ್ಕಿಸಿದರು.

ಟೀಚರ್ ನೋಡಿದರು. ಜೊಂಡೆಲ್ಲ ಒಂದೇ ಸಮನೆ ನಿಂತಿತ್ತು. ತಟ್ಟೆಯಷ್ಟು ನೀರಿನಲ್ಲಿ ಏನೂ ಇರಲಿಲ್ಲ.

"ಅಲ್ಲೇ ಇತ್ತು! ಕಣ್ಣಾರೆ ನೋಡಿದೆ!" ಎಂದು ಸಾಹೇಬರು ಏದುಸಿರು ಬಿಡುತ್ತ ಅವರ ಭುಜ ಹಿಡಿದು ನಿಂತಿದ್ದರು.

ಟೀಚರ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಬಿಸಿಲು ಬೆನ್ನಿಗಿತ್ತಾ, ಮುಖಕ್ಕಿತ್ತಾ?"

"ಮುಖಕ್ಕೆ... ಇರಲಿ ಕಣೇ, ಆದ್ರೂ..."

"ದುರ್ಬೀನಲ್ಲಿ ನೋಡಿದ್ರಾ?"

"ಇಲ್ಲ, ಮರೆತೇಹೋಯ್ತು."

"ಊಟ ಆಗಿತ್ತು ಅಲ್ವಾ, ಹೊಟ್ಟೆ ತುಂಬಾ?"

ಟೀಚರ್ ಈಗ ತಿರುಗಿ ಗಂಡನ ಮುಖವನ್ನು ನೋಡಿದರು, ಕೆಳದುಟಿಯನ್ನು ತುಸು ಮುಂದಕ್ಕೆ ಚಾಚಿ, ತಲೆಯನ್ನು ಎಡಕ್ಕೆ ವಾಲಿಸಿ, "ಇರ..." ಎಂದು ಒಂದು ಗಳಿಗೆ ನಿಲ್ಲಿಸಿ, "...ಲಿಕ್ಕಿಲ್ಲ" ಎಂದರು.

ಆಮೇಲೆ ಅವರಿಗೆ ನಗು ಬಂತು. ಬಿದ್ದ ದಿನದಿಂದ ಆ ಮನೆಯಲ್ಲಿ ಕೇಳದಿದ್ದ ನಗು. ಸೊಂಟ ನೋಯುತ್ತಿದ್ದರೂ ನಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸಾಹೇಬರು ಮಂಚದ ಅಂಚಿಗೆ ಕುಸಿದು ಕೂತು ಅತ್ತುಬಿಟ್ಟರು. ಹೆಂಡತಿಯ ಬುದ್ಧಿ ಗಟ್ಟಿಯಾಗಿದೆ ಎಂಬುದಕ್ಕೆ ಅವರಿಗೆ ಇನ್ನು ಯಾವ ಹಕ್ಕಿಯ ಸಾಕ್ಷಿಯೂ ಬೇಕಿರಲಿಲ್ಲ.

ಭಾನುವಾರ ಡಾಕ್ಟರು ಬಂದು, ಕುರ್ಚಿಯ ಮುಂದೆ ಬಗ್ಗಿ, ಮಗುವನ್ನು ಕೇಳುವ ಹಾಗೆ, "ಏನಮ್ಮಾ, ಕಡ್ಡಿ ನಡೆಯೋದು ಇನ್ನೂ ಕಾಣುತ್ತಾ?" ಎಂದು ಕೇಳಿದರು.

"ಹೌದು" ಎಂದು ಹಿಂದಿನಿಂದ ದನಿ ಬಂತು.

ಡಾಕ್ಟರು ತಿರುಗಿ ನೋಡಿ, "ಅವರಿಗಾ?" ಎಂದರು.

"ನನಗೂ. ಅದು ಗುಪ್ಪಿ. ಹೌದು."

ಡಾಕ್ಟರಿಗೆ ಆ ಮಾತಿನ ತೂಕ ಹೇಗೆ ತಿಳಿಯಬೇಕು? ಆದರೆ ಮಗಳು ಕೈಯಲ್ಲಿದ್ದ ಔಷಧಿ ಚೀಟಿಗಳನ್ನು ಮೇಜಿನ ಮೇಲಿಟ್ಟುಬಿಟ್ಟಳು. ಚಿಕ್ಕಂದಿನಿಂದ ತಾನು ತಂದ ಬಹುಮಾನಕ್ಕೂ, ತಾನು ಒಪ್ಪಿದ ಹುಡುಗನಿಗೂ ಈ ಒಂದು ಶಬ್ದವನ್ನು ಆ ಬಾಯಿಂದ ಕೇಳದವಳು ಅವಳು. ಕಿಟಕಿಯ ಹತ್ತಿರವೂ ಹೋಗದೆ ನಂಬಿದಳು. ಡಾಕ್ಟರು ಟೀಚರನ್ನು ಅದೂ ಇದೂ ಕೇಳಿ, ಅವರ ಜಾಣ ಉತ್ತರಗಳಿಗೆ ತಾವೇ ನಕ್ಕು, ಮಾತ್ರೆಯ ಮಾತು ಬಿಟ್ಟು, ದಿನಕ್ಕೆ ನಾಲ್ಕು ಹೆಜ್ಜೆಯಾದರೂ ನಡೆಸಿ ಎಂದು ಹೇಳಿ ಹೋದರು.

ಸೋಮವಾರ ಕೊಳದ ದಂಡೆಯಲ್ಲಿ ಇಷ್ಟನ್ನೂ ಕೇಳಿ ಔಷಧಿ ಅಂಗಡಿಯವರು ಸೀಮೆಸುಣ್ಣ ಹಿಡಿದು ಹಲಗೆಯತ್ತ ನುಗ್ಗಿದರು. ಸಾಹೇಬರು ಅಡ್ಡ ನಿಂತರು. "ಬೇಡ. ಇಬ್ಬರೂ ನೋಡಿದೀವಿ. ಒಟ್ಟಿಗೆ ನೋಡಿಲ್ಲ." ನನಗೆ ರೇಗಿತು. "ಸಾಕು ಮಾಡಿ ಸಾರ್! ಇರೋದು ಒಂದು ಕುರ್ಚಿ, ಒಂದು ಸಂದು. ಒಟ್ಟಿಗೆ ಹೇಗೆ ನೋಡ್ತೀರಿ?" ಎಂದೆ. "ಅದನ್ನೇ ನಾನೂ ಅಂದೆ. ಅವಳು ಒಪ್ಪಲಿಲ್ಲ" ಎಂದು ಹೇಳುವಾಗ ಅವರ ಮುಖದಲ್ಲಿ ಒಂದು ಹೆಮ್ಮೆಯಿತ್ತು. ಹೀಗಾಗಿ ನಮ್ಮ ಹಲಗೆಯ ಪ್ರಕಾರ ಈ ಕೊಳಕ್ಕೆ ಗುಪ್ಪಿ ಬಂದೇ ಇಲ್ಲ. ಅಂದಿನಿಂದ ಸಾಹೇಬರ ಕೋಟಿನೊಳಗೆ ದುರ್ಬೀನೂ ಇಲ್ಲ. ಅದು ಮೂರನೆಯ ಅಂತಸ್ತಿನ ಕುರ್ಚಿಯ ಕೈಗೆ ತೂಗುಹಾಕಿದೆ. ಮಧ್ಯಾಹ್ನಗಳಲ್ಲಿ ಅವರು ಕೊಳದ ಕಡೆ ಸುಳಿಯುವುದಿಲ್ಲ. ಬೆಳಿಗ್ಗೆ ಮಾತ್ರ ಬರಿಗಣ್ಣಿನಲ್ಲಿ ಬಂದು, ನಾವು ಏನು ತೋರಿಸಿದರೂ ಕೆಳದುಟಿ ಚಾಚುತ್ತಾರೆ. ನನ್ನ ಗಿಡುಗಕ್ಕೆ ಇನ್ನೂ ನ್ಯಾಯ ಸಿಕ್ಕಿಲ್ಲ.

ಇಲ್ಲವೆನ್ನುವವರನ್ನು ಕಂಡರೆ ನಮಗೆ ಆಗುವುದಿಲ್ಲ. ಹೌದೆನ್ನುವವರ ಸಂಗ ಹಿತ. ಅವರು ನಮ್ಮ ಮಾತಿಗೆ ತಲೆಯಾಡಿಸುತ್ತಾರೆ, ಬೆನ್ನು ಸವರುತ್ತಾರೆ, ಕೂತಲ್ಲಿಂದ ಅಲ್ಲಾಡುವುದಿಲ್ಲ. ನಾವು ಗಟ್ಟಿಮುಟ್ಟಾಗಿರುವವರೆಗೆ ಅಷ್ಟು ಸಾಕೂ ಆಗುತ್ತದೆ. ಆದರೆ ಕಾಲು ಸೋತು, ನಾವು ಕಂಡದ್ದು ನಮಗೇ ನಿಜವೋ ಭ್ರಮೆಯೋ ತಿಳಿಯದೆ, ಸುತ್ತಲಿನವರೆಲ್ಲ ಮೆಲುದನಿಯಲ್ಲಿ ಹೌದು ಹೌದೆನ್ನತೊಡಗಿದ ದಿನ, ಆ ಹಿತವಾದ ದನಿಗಳ ನಡುವೆ ಮನುಷ್ಯ ಎಷ್ಟು ಒಂಟಿಯಾಗುತ್ತಾನೆಂಬುದನ್ನು ಲೆಕ್ಕದ ಟೀಚರನ್ನೇ ಕೇಳಬೇಕು. ಅಂಥ ದಿನಕ್ಕಾಗಿಯಾದರೂ ಪ್ರತಿ ಮನೆಯಲ್ಲಿ ಇಂಥವರೊಬ್ಬರು ಬೇಕು. ನಮ್ಮ ಮಾತನ್ನು ನಂಬದೆ, ಹಾಳು ಕೋಟನ್ನು ಹಾಕಿಕೊಂಡು, ಎದ್ದು ಹೋಗಿ ನೋಡಿ ಬರುವವರು.